ತರಕಾರಿ ಕುಲದ ಗಾಂಭೀರ್ಯ

ಮತ್ತೆ ಅದೇ ಜಗಳ. 'ಡ್ರ್ಯಾಗನ್ ಬಾಲ್' ಅನ್ನೋ ಜಪಾನಿ ಕಾರ್ಟೂನ್ ಗಂಭೀರವಾಗಿರಬೇಕಂತೆ. ಅದರ 2024ರ ಸರಣಿ 'ಡೈಮಾ'ದಲ್ಲಿ ನಾಯಕ ಗೋಕು ಮತ್ತವನ ಬಳಗವನ್ನೆಲ್ಲ ಗೇಣುದ್ದದ ಮಕ್ಕಳು ಮಾಡಿಬಿಟ್ಟರಲ್ಲ, ಆವತ್ತು ಹೊತ್ತಿದ ಹೊಟ್ಟೆಯುರಿ ಇನ್ನೂ ಆರಿಲ್ಲ. ನನ್ನ ಅಕ್ಕನ ಮಗನಿಗೆ ಮೂವತ್ತಾರು. ಹೋಮ್ ಲೋನ್ ಇದೆ, ಬಿಪಿ ಗುಳಿಗೆ ಇದೆ. ಭಾನುವಾರ ಊಟಕ್ಕೆ ಬಂದವನು ತಟ್ಟೆಯಲ್ಲಿ ಸಾರು ಆರಿದರೂ ಒಂದೇ ವರಾತ: "ಮಕ್ಕಳಾಟ ಆಗೋಯ್ತು ಮಾವ. ಹಳೇ ಸರಣಿ 'ಝೆಡ್' ಕಾಲದಲ್ಲಿ ಎಷ್ಟು ಡಾರ್ಕ್ ಆಗಿತ್ತು ಗೊತ್ತಾ?"

ಗೊತ್ತು ಕಣಪ್ಪ. ಆ ಘೋರ ಲೋಕದ ವಂಶಾವಳಿಯನ್ನೇ ಹೇಳ್ತೀನಿ ಕೇಳು. ಜಪಾನಿಯಲ್ಲಿ 'ಯಸಾಯ್' ಅಂದರೆ ತರಕಾರಿ. ಅದನ್ನು ತಿರುಗಾಮುರುಗಾ ಮಾಡಿದರೆ ನಿನ್ನ ವೀರ ಸೈಯಾನ್ ಕುಲ. ಯುವರಾಜ ವೆಜಿಟಾ. ರ‍್ಯಾಡಿಟ್ಜ್ ಮೂಲಂಗಿ, ನಾಪಾ ಕೋಸು, ಕಾಕರಾಟ್ ಅನ್ನೋ ನಿನ್ನ ಗೋಕು ಕ್ಯಾರೆಟ್ಟು. ಒಗ್ಗರಣೆ ಹಾಕಿದರೆ ಪೂರಿಗೆ ಸಾಗು ರೆಡಿ. ಇವರ ಕುಲವನ್ನು ಗ್ರಹದ ಸಮೇತ ಸುಟ್ಟ ಮಹಾಕ್ರೂರಿ ಯಾರು? ಫ್ರೀಜಾ, ಅಂದರೆ ಫ್ರೀಜರ್. ಅವನಣ್ಣ ಕೂಲರ್.

ಇನ್ನು ಹಾಳಾದ ಭವಿಷ್ಯದಿಂದ ಕತ್ತಿ ಹಿಡಿದು, ಕಣ್ಣಲ್ಲಿ ನೋವು ತುಂಬಿಕೊಂಡು ಬಂದ ಟ್ರಂಕ್ಸ್. ಅವನ ಪ್ರವರ ಕೇಳಿದರೆ ಪುರೋಹಿತರು ಎದ್ದೇ ಹೋಗುತ್ತಾರೆ: ತಾತ ಬ್ರೀಫ್ಸ್, ತಾಯಿ ಬುಲ್ಮಾ ಅಂದರೆ ಬ್ಲೂಮರ್ಸ್, ತಂಗಿ ಬ್ರಾ. ಇಡೀ ಸಂಸಾರ ಬಟ್ಟೆ ಒಣಹಾಕುವ ಹಗ್ಗದ ಮೇಲಿದೆ. ಕಥೆಯಲ್ಲಿ ಶೆನ್ರಾನ್ ಎಂಬ ವರ ಕೊಡುವ ಡ್ರ್ಯಾಗನ್ ಕೊಟ್ಟ ಮೊಟ್ಟಮೊದಲ ವರವೂ ಆ ಹಗ್ಗದ್ದೇ. ಪಿಲಾಫ್ ಎಂಬ ಪಲಾವ್ ಮಹಾರಾಜ ಭೂಮಂಡಲವನ್ನೇ ಕೇಳಲು ಹೊರಟರೆ, ಊಲಾಂಗ್ ಎಂಬ ಹಂದಿ ನಡುವೆ ನುಗ್ಗಿ ಹೆಂಗಸರ ಒಳಚಡ್ಡಿ ಕೇಳಿತು. ಜಗತ್ತು ಉಳಿದದ್ದು ಹಾಗೆ.

ಸಾವುನೋವು ಇತ್ತಲ್ಲ ಅಂತೀಯ. ಇತ್ತು. ಗೋಕುವಿನ ಗೆಳೆಯ ಕ್ರಿಲಿನ್ ಸತ್ತ, ಬಂದ, ಮತ್ತೆ ಸತ್ತ, ಮತ್ತೆ ಬಂದ. ಬೂ ಎಂಬ ರಾಕ್ಷಸ ಜನರನ್ನು ಚಾಕೊಲೇಟ್ ಮಾಡಿಕೊಂಡು ತಿಂದ. ನಾಮೆಕ್ ಗ್ರಹ ಐದು ನಿಮಿಷದಲ್ಲಿ ಸಿಡಿಯುತ್ತದೆ ಎಂದ ಫ್ರೀಜಾ. ಆ ಐದು ನಿಮಿಷ ಟೀವಿಯಲ್ಲಿ ವಾರಗಟ್ಟಲೆ ನಡೆಯಿತು. ಮದುವೆಮನೆ ಅಡುಗೆಭಟ್ಟರ "ಇನ್ನೈದು ನಿಮಿಷ, ಎಲೆ ಹಾಕಿಬಿಡಿ" ಇದಕ್ಕಿಂತ ವಾಸಿ. ಬಣ್ಣದ ವೇಷ ಅಬ್ಬರಿಸುವಾಗ ಪಕ್ಕದಲ್ಲಿ ಹಾಸ್ಯಗಾರ ಸೊಂಟ ಉಳುಕಿಸಿಕೊಂಡರೆ ಯಕ್ಷಗಾನದ ಟೆಂಟ್ ಬಿಟ್ಟು ಯಾರೂ ಎದ್ದು ಹೋಗುವುದಿಲ್ಲ. ಇಲ್ಲಿ ಮಾತ್ರ ಹಾಸ್ಯಗಾರನನ್ನು ಒದ್ದು ಓಡಿಸಬೇಕು.

ಅಕಿರಾ ತೊರಿಯಾಮ 1984ರಿಂದ 1995ರವರೆಗೆ ವಾರ ವಾರ ಕೂತು 'ಡ್ರ್ಯಾಗನ್ ಬಾಲ್' ಕಾಮಿಕ್ಸಿನ 519 ಅಧ್ಯಾಯ ಬರೆದ ಮನುಷ್ಯ. ಅದಕ್ಕೂ ಮೊದಲು 'ಡಾ. ಸ್ಲಂಪ್'ನಲ್ಲಿ ಕಡ್ಡಿಯ ತುದಿಗೆ ಕಕ್ಕ ಸಿಕ್ಕಿಸಿಕೊಂಡು ಓಡುವ ಹುಡುಗಿಯನ್ನು ಬರೆದು ಹೆಸರು ಮಾಡಿದವ. 2024ರ ಮಾರ್ಚ್ 1ರಂದು ತೀರಿಕೊಂಡ. 'ಡೈಮಾ' ಅವನದೇ ಕಥೆ. ಅಕ್ಟೋಬರ್‌ನಲ್ಲಿ ಅದು ಬಂದಾಗ ಅವನಿರಲಿಲ್ಲ. ಅವನ ಕಥೆ ಹೇಗಿರಬೇಕಿತ್ತು ಎಂದು ಅವನಿಗೇ ಪಾಠ ಹೇಳುವವರಿದ್ದರು. ಸಾಕಾಗಿದೆ ನನಗೆ ಈ ಜನರ ಸಹವಾಸ. ನಿಮಗೆ ವಯಸ್ಸಾಯಿತು, ಕಾರ್ಟೂನ್ ನೋಡಲು ನಾಚಿಕೆ. ಆ ನಾಚಿಕೆ ಮುಚ್ಚಲು ಇನ್ನೊಂದಿಷ್ಟು ಹೆಣ ಬೀಳಲಿ ಅನ್ನುತ್ತೀರಿ. ಅದಕ್ಕೆ 'ಮೆಚ್ಯೂರ್' ಅಂತ ಹೆಸರು ಬೇರೆ.

ನಾನು ಇಷ್ಟು ಹೇಳುವಷ್ಟರಲ್ಲಿ ಅಳಿಯರಾಯ ಮೊಸರಿಗೆಂದು ಎದ್ದು ಫ್ರಿಜ್ಜಿನ ಬಾಗಿಲು ತೆಗೆದಿದ್ದ. ತಂಪಿಗೆ ಮುಖವೊಡ್ಡಿ ಸುಮ್ಮನೆ ನಿಂತ. ಬಹಳ ಗಂಭೀರವಾಗಿ.