ಜರಿಸೀರೆಯ ಪಾರ್ಶ್ವವಾಯು

ಧಾರಾವಾಹಿಯ ಅಜ್ಜಿಗೆ ಕಡೆಗೂ ಮಾತು ಬಂತಂತೆ. ಯಾವ ಧಾರಾವಾಹಿ ಎಂದು ಕೇಳಬೇಡಿ, ನೀವು ನೋಡುತ್ತಿರುವುದೇ. ಖಳನಾಯಕಿಯ ಗುಟ್ಟು ತಿಳಿದ ಮರುಕ್ಷಣವೇ ಮೆಟ್ಟಿಲಿನಿಂದ ಉರುಳಿ, ಗಾಲಿಕುರ್ಚಿ ಸೇರಿ, ವರ್ಷಗಟ್ಟಲೆ ಕಣ್ಣಾಲಿಗಳನ್ನಷ್ಟೇ ತಿರುಗಿಸುತ್ತಿದ್ದ ಆ ಮಹಾತಾಯಿ, ಮೊಮ್ಮಗ ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಎದ್ದು ನಿಂತು ‘ನಿಲ್ಲಿಸಿ’ ಎಂದರಂತೆ. ಪಾರ್ಶ್ವವಾಯು ಬಡಿದ ನಾಲ್ಕೂವರೆ ಗಂಟೆಯೊಳಗೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಬೀಳಬೇಕೆಂದು ನರರೋಗ ತಜ್ಞರು ಬಡಿದುಕೊಳ್ಳುತ್ತಾರೆ, ಪಾಪ. ನಮ್ಮ ನಿರ್ದೇಶಕರಿಗೆ ಗಟ್ಟಿಮೇಳವೊಂದಿದ್ದರೆ ಸಾಕು, ನಾನೂರನೆಯ ಕಂತಿನಲ್ಲಿಯೂ ರೋಗ ವಾಸಿಮಾಡುತ್ತಾರೆ.

ನನಗೆ ಅದಕ್ಕಿಂತ ಅಚ್ಚರಿಯೆನಿಸುವುದು ಆಕೆಯ ಜರಿಸೀರೆ. ಇಷ್ಟು ವರ್ಷಗಳಲ್ಲಿ ಅದರ ನೆರಿಗೆ ಮುದುಡಿಲ್ಲ, ಹಣೆಯ ಕುಂಕುಮ ಕದಲಿಲ್ಲ. ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಆಕೆಯ ಮಗ್ಗುಲು ಬದಲಿಸಿದವರಾರು, ಮೂಗಿನ ನಳಿಕೆಯಲ್ಲಿ ಗಂಜಿ ಬಿಟ್ಟವರಾರು, ಹೇಳದೆ ಕೇಳದೆ ಊರಿಗೆ ಹೋದ ಹೋಮ್ ನರ್ಸ್‌ಗಾಗಿ ಏಜೆನ್ಸಿಯ ಮುಂದೆ ಅಂಗಲಾಚಿದವರಾರು ಎಂಬುದನ್ನು ಯಾವ ಕಂತೂ ಹೇಳಿಲ್ಲ. ಪರದೆಯ ಮೇಲೆ ಲಕ್ವ ಹೊಡೆದವರಿಗೆ ಮೂತ್ರವೇ ಬರುವುದಿಲ್ಲ.

ಮುಪ್ಪಿನ ವಿಷಯದಲ್ಲಿ ಪರದೆಯ ಲೆಕ್ಕ ಮೊದಲಿನಿಂದಲೂ ವಿಚಿತ್ರವಾದದ್ದೇ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಅವರಿಗೆ ನಾಯಕಿಯಾಗಿದ್ದ ಪಂಢರೀಬಾಯಿಯವರು ಮುಂದೆ ಅವರಿಗೇ ತಾಯಿಯಾದರು. ನಾಯಕರು ಮಾತ್ರ ನಾಯಕರಾಗಿಯೇ ಉಳಿದರು. ವಯಸ್ಸಾಗುವ ಕಾಯಿಲೆ ಹೆಂಗಸರಿಗಷ್ಟೇ ತಗಲುತ್ತದೆ ಎಂದು ಚಿತ್ರರಂಗ ಆಗಲೇ ಕಂಡುಕೊಂಡಿತ್ತು.

ಇನ್ನು ವೃದ್ಧಾಶ್ರಮವೆಂದರೆ ಸೆರೆಮನೆಗಿಂತ ಒಂದು ಕೈ ಮೇಲು. ಅದರ ಗೇಟಿನ ಬಳಿ ಮಳೆ ಕಡ್ಡಾಯ, ಸೊಸೆಯ ತುಟಿಯಂಚಿನ ನಗುವೂ ಕಡ್ಡಾಯ. ಮಗನ ತಪ್ಪೇನೂ ಇಲ್ಲ, ಆತ ಯಾವಾಗಲೂ ವಿದೇಶದ ಮೀಟಿಂಗಿನಲ್ಲಿರುತ್ತಾನೆ. ಹೆತ್ತವರನ್ನು ತೊರೆದ ಮಕ್ಕಳಿಗೆ ಮೂರು ತಿಂಗಳವರೆಗೆ ಸೆರೆವಾಸ ವಿಧಿಸಬಲ್ಲ 2007ರ ಕಾನೂನೇ, ನಿರ್ಗತಿಕ ಹಿರಿಯರಿಗಾಗಿ ಜಿಲ್ಲೆಗೊಂದಾದರೂ ವೃದ್ಧಾಶ್ರಮ ಕಟ್ಟುವ ಕೆಲಸವನ್ನು ರಾಜ್ಯ ಸರ್ಕಾರಗಳ ಇಚ್ಛೆಗೆ ಬಿಟ್ಟಿದೆ. ಸರ್ಕಾರಕ್ಕೆ ಮನಸ್ಸು ಬಾರದಿದ್ದರೆ ಯಾವ ಸೆರೆಯೂ ಇಲ್ಲ. ಬಡತನ ರೇಖೆಗಿಂತ ಕೆಳಗಿರುವ 60ರಿಂದ 79 ವರ್ಷದವರ ಪಿಂಚಣಿಗೆ ಕೇಂದ್ರ ಕೊಡುವ ಪಾಲು ಇಂದಿಗೂ ತಿಂಗಳಿಗೆ 200 ರೂಪಾಯಿ, ಡೈಪರ್‌ಗೆ ವಾರಕ್ಕೂ ಸಾಲದಷ್ಟು. ಇದರ ಮೇಲೊಂದು ಧಾರಾವಾಹಿ ಮಾಡಲು ಯಾರಿಗೂ ಬೇಕಾಗಿಲ್ಲ, ಏಕೆಂದರೆ ಇಲ್ಲಿ ಕೆನ್ನೆಗೆ ಬಾರಿಸಲು ಸೊಸೆ ಸಿಗುವುದಿಲ್ಲ.

ಸಾಕಾಗಿದೆ. ನಾನು ಬಲ್ಲ ಮನೆಗಳಲ್ಲಿ ನೌಕರಿ ಬಿಟ್ಟು, ನಿದ್ದೆಗೆಟ್ಟು, ಬೆನ್ನುನೋವು ನುಂಗಿಕೊಂಡು ಅತ್ತೆಯ ಮಲಮೂತ್ರ ತೆಗೆಯುತ್ತಿರುವವಳು ಸೊಸೆಯೇ. ಅವಳು ದಿನವಿಡೀ ದುಡಿದು, ಅತ್ತೆಯ ತಲೆಯಡಿಗೆ ಇನ್ನೊಂದು ದಿಂಬಿಟ್ಟು, ರಾತ್ರಿ ಎಂಟೂವರೆಗೆ ರಿಮೋಟು ಒತ್ತಿ, ಸೊಸೆಯಂದಿರು ಎಂಥ ರಾಕ್ಷಸಿಯರೆಂಬುದನ್ನು ತೋರಿಸುವ ಧಾರಾವಾಹಿಯನ್ನು ತಾನೇ ಹಾಕಿಕೊಡುತ್ತಾಳೆ.