ಪ್ರಶ್ನೆಪತ್ರಿಕೆ ಹಾಡಿದವರು ಯಾರು?

ಮನೆಯಲ್ಲಿರುವುದು ಒಂದೇ ಕಂಪ್ಯೂಟರ್ ಆಗಿದ್ದು, ಅದರ ಮುಂದೆ ಕೂರುವವರು ಒಬ್ಬರಿಗಿಂತ ಹೆಚ್ಚಿದ್ದರೆ, ಮುಂಜಾನೆ ಫೋಲ್ಡರ್ ತೆರೆಯುವ ಮೊದಲು ಮನೆದೇವರನ್ನು ನೆನೆಯುವುದು ಒಳ್ಳೆಯದು. ಹತ್ತು ಗಂಟೆಗೆ ಕಾಲೇಜಿಗೆ ಮುಟ್ಟಿಸಬೇಕಾಗಿದ್ದ ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೊರಟುಬಿಡೋಣವೆಂದು ಇವತ್ತು ನಾನು ಫೋಲ್ಡರ್ ತೆರೆದರೆ, ಹೆಸರು, ದಿನಾಂಕ, ನಮೂನೆ, ಗಾತ್ರ ಎಂದು ಕಾಲಮ್ಮುಗಳಲ್ಲಿ ಶಿಸ್ತಾಗಿ ನಿಂತಿರಬೇಕಾದ ಕಡತಗಳು ರಾತ್ರಿ ಕಳೆದು ಬೆಳಗಾಗುವುದರೊಳಗೆ ಅಂಗೈಯಗಲದ ನೀಲಿ ಚೌಕಗಳಾಗಿ ಉಬ್ಬಿ ಕುಳಿತಿದ್ದವು. ಪರದೆಯಲ್ಲಿ ಹಿಡಿಸಿದ್ದು ನಾಲ್ಕೋ ಆರೋ. ಉಳಿದವನ್ನು ಕಾಣಬೇಕಾದರೆ ಮೌಸಿನ ಗಾಲಿಯನ್ನು ತಿರುಗಿಸುತ್ತಲೇ ಇರಬೇಕು. ಎಲ್ಲವೂ ವರ್ಡ್ ಕಡತಗಳಾದ್ದರಿಂದ ಎಲ್ಲದರ ಮುಖವೂ ಒಂದೇ.

ಇದು ಕಾಕಾ ಅವರ ಕೆಲಸವೆಂದು ತಿಳಿಯಲು ಪತ್ತೇದಾರನೇನೂ ಬೇಕಿರಲಿಲ್ಲ. ಸರಕಾರಿ ನೌಕರಿಯಿಂದ ನಿವೃತ್ತರಾದ ಮೇಲೆ ಅವರು ನಸುಕಿನಲ್ಲಿಯೇ ಎದ್ದು, ಪೂಜೆ ಮುಗಿಸಿ, ಚಹಾ ಕುಡಿದು, ನಾವೆಲ್ಲ ಏಳುವುದರೊಳಗೆ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ವಾಟ್ಸಾಪಿನಲ್ಲಿ ಬಂದ ವಚನಗಾಯನ, ಭಜನೆ, ಪ್ರವಚನಗಳನ್ನು ಇಳಿಸಿಕೊಳ್ಳುವುದು ಮತ್ತು ಹಳೆಯ ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಿ ಜೋಡಿಸುವುದು ಅವರ ಈಗಿನ ಉದ್ಯೋಗ. ಉದ್ಯೋಗಕ್ಕೆ ಮನೆಯಲ್ಲಿ ಯಾರ ಆಕ್ಷೇಪವೂ ಇಲ್ಲ. ಆದರೆ ಅವರು ಯಾವ ಫೋಲ್ಡರಿನೊಳಗೆ ಕಾಲಿಟ್ಟರೂ ಎಡಗೈಯಿಂದ ಕಂಟ್ರೋಲ್ ಕೀಲಿಯನ್ನು ಒತ್ತಿಹಿಡಿದು, ಬಲಗೈ ತೋರುಬೆರಳಿನಿಂದ ಮೌಸಿನ ಗಾಲಿಯನ್ನು ಮುಂದಕ್ಕೆ ಉರುಳಿಸುತ್ತ, ಐಕಾನುಗಳು ಇನ್ನು ಹಿಗ್ಗಲಾರವು ಎನ್ನುವ ಮಟ್ಟಕ್ಕೆ ಅವನ್ನು ಹಿಗ್ಗಿಸಿ, "ಹಾಂ, ಈಗ ಕಂಡ್ವು ನೋಡು" ಎಂದು ತಮಗೆ ತಾವೇ ಹೇಳಿಕೊಂಡು, ಕೆಲಸ ಮುಗಿದ ಮೇಲೆ ಹಾಗೆಯೇ ಎದ್ದುಹೋಗುತ್ತಾರೆ. ಮೊದಲಿದ್ದಂತೆ ಮಾಡಿಡುವುದು ಅವರ ಪದ್ಧತಿಯಲ್ಲಿ ಇಲ್ಲ.

ಕಾಕಾ ಕಚೇರಿಯಲ್ಲಿ ಕಂಪ್ಯೂಟರ್ ಕಲಿತದ್ದು ವಿಂಡೋಸ್ 95ರ ಮೇಲೆ. ಆಗ ಫೋಲ್ಡರಿನ ಒಳಗನ್ನು ನೋಡುವ ಬಗೆಗಳು ನಾಲ್ಕೇ ಇದ್ದವು: ದೊಡ್ಡ ಐಕಾನ್, ಸಣ್ಣ ಐಕಾನ್, ಲಿಸ್ಟ್ ಮತ್ತು ಡೀಟೇಲ್ಸ್. 2009ರಲ್ಲಿ ವಿಂಡೋಸ್ 7 ಬರುವ ಹೊತ್ತಿಗೆ ಅವು ಎಂಟಾಗಿದ್ದವು, ಮತ್ತು ಆ ಎಂಟರ ತುತ್ತತುದಿಯಲ್ಲಿ ಎಕ್ಸ್‌ಟ್ರಾ ಲಾರ್ಜ್ ಎಂಬ ಭೀಮಗಾತ್ರದ ಐಕಾನ್ ಕುಳಿತಿತ್ತು. ಸಣ್ಣ ಐಕಾನಿನ ಅಗಲ 16 ಪಿಕ್ಸೆಲ್ ಆದರೆ ಇದರ ಅಗಲ 256. ಫೋಟೋ ಆರಿಸುವುದಕ್ಕೆ ಅದು ಸೈ. ಆದರೆ ಬರಹದ ಕಡತಗಳ ವಿಷಯದಲ್ಲಿ ಅದರಿಂದ ಆಗುವ ಉಪಕಾರವೇನೆಂದು ನನಗೆ ಇಂದಿಗೂ ತಿಳಿದಿಲ್ಲ. ಏಕೆಂದರೆ ಚಿತ್ರ ಎಷ್ಟೇ ಬೆಳೆದರೂ ಅದರ ಕೆಳಗಿರುವ ಹೆಸರಿನ ಅಕ್ಷರಗಳು ಕೂದಲೆಳೆಯಷ್ಟೂ ಬೆಳೆಯುವುದಿಲ್ಲ. ಕಾಕಾ ಅವರ ಕಣ್ಣಿಗೆ ತೊಂದರೆಯಿರುವುದು ಅಕ್ಷರ ಓದುವುದರಲ್ಲಿ. ಅವರು ದೊಡ್ಡದು ಮಾಡುವುದು ಅಕ್ಷರದ ನೆತ್ತಿಯ ಮೇಲಿರುವ ಚಿತ್ರವನ್ನು. ಅಲ್ಲಿಗೆ ಪರದೆಯ ತುಂಬ ನೀಲಿ ಬಣ್ಣದ ಇಂಗ್ಲಿಷ್ ಡಬ್ಲ್ಯೂ ಅಕ್ಷರಗಳು, ಪ್ರತಿಯೊಂದರ ಕಾಲಬುಡದಲ್ಲಿ ಮೊದಲಿನಷ್ಟೇ ಸಣ್ಣದಾದ ಒಂದು ಹೆಸರು, ಅದನ್ನು ಓದಲು ಕನ್ನಡಕವನ್ನು ಹಣೆಗೇರಿಸಿ ಪರದೆಗೆ ಮೂಗು ತಾಗಿಸಿ ಕುಳಿತ ಕಾಕಾ.

"ಕಾಕಾ, ಬರೇ ಅಕ್ಷರ ದೊಡ್ಡದು ಮಾಡಾಕ ಬ್ಯಾರೆ ಜಾಗಾ ಐತ್ರಿ" ಎಂದು ನಾನು ಸೆಟ್ಟಿಂಗ್ಸಿನಲ್ಲಿ ಆಕ್ಸೆಸಿಬಿಲಿಟಿಯೊಳಗಿನ ಟೆಕ್ಸ್ಟ್ ಸೈಜ್ ಎಂಬ ಪಟ್ಟಿಯನ್ನು ತೋರಿಸಿದ್ದೇನೆ. ಅದನ್ನು ಬಲಕ್ಕೆ ಸರಿಸಿದರೆ ಅಕ್ಷರಗಳನ್ನು ಶೇ. 225ರವರೆಗೆ ಹಿಗ್ಗಿಸಬಹುದು. ಕಾಕಾ ಒಪ್ಪಲಿಲ್ಲ. "ಅಕ್ಷರ ದೊಡ್ಡದು ಮಾಡಿದರ, ನನಗ ವಯಸ್ಸಾತು ಅಂತ ಕಂಪ್ಯೂಟರಿಗೂ ಗೊತ್ತಾಗತೈತಿ, ಬಿಡು" ಎಂದರು.

ಇವತ್ತಿನ ಸಂಗತಿಗೆ ಬರುತ್ತೇನೆ. ಹಲ್ಲು ಕಚ್ಚಿ ಡೀಟೇಲ್ಸ್‌ಗೆ ಬದಲಿಸಿದೆ. ಚೌಕಗಳು ಕುಗ್ಗಿ ಸಾಲುಗಳಾದವು. ನನಗೆ ಬೇಕಾಗಿದ್ದದ್ದು ಒಂದೇ ಮಾಹಿತಿ. ಒಂದೇ ಪ್ರಶ್ನೆಪತ್ರಿಕೆಯ ಬೇರೆ ಬೇರೆ ಕರಡುಗಳಲ್ಲಿ ಕಡೆಯದಾಗಿ ತಿದ್ದಿದ್ದು ಯಾವುದು? ಅದನ್ನು ಹೇಳಬೇಕಾದ ಕಾಲಮ್ಮು ಡೇಟ್ ಮಾಡಿಫೈಡ್. ಆ ಕಾಲಮ್ಮೇ ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಹಾಡಿನ ಕ್ರಮಸಂಖ್ಯೆಗೆ ಒಂದು ಕಾಲಮ್ಮು, ಟೈಟಲ್ ಎಂದು ಒಂದು, ಕಾಂಟ್ರಿಬ್ಯೂಟಿಂಗ್ ಆರ್ಟಿಸ್ಟ್ಸ್ ಎಂದು ಹಾಡಿದ ಕಲಾವಿದರಿಗೆ ಒಂದು, ಆಲ್ಬಮ್ ಎಂದು ಕೊನೆಗೊಂದು. "ಪ್ರಥಮ ಪಿಯುಸಿ ಕನ್ನಡ ಕಿರುಪರೀಕ್ಷೆ" ಎಂಬ ಹೆಸರಿನ ಮುಂದೆ ಕಲಾವಿದರ ಕಾಲಮ್ಮು ಖಾಲಿಯಾಗಿ, ಯಾರಾದರೂ ಬಂದು ಹಾಡಲಿ ಎಂದು ಕಾಯುತ್ತಿತ್ತು.

ಆದದ್ದು ಇಷ್ಟು. ನಾನು ಪಾಠ ಮಾಡುವ ವಿಷಯ ಕನ್ನಡವಾದ್ದರಿಂದ ಫೋಲ್ಡರಿಗೆ "ಕನ್ನಡ" ಎಂದೇ ಹೆಸರಿಟ್ಟಿದ್ದೆ. ನಸುಕಿನಲ್ಲಿ ವಚನಗಾಯನದ ಕಡತಗಳನ್ನು ಎಲ್ಲಿಡಲಿ ಎಂದು ಹುಡುಕುತ್ತಿದ್ದ ಕಾಕಾ, ವಚನಕ್ಕೆ ಕನ್ನಡಕ್ಕಿಂತ ಯೋಗ್ಯವಾದ ಜಾಗ ಯಾವುದಿದೆ ಎಂದು ತರ್ಕಿಸಿ ಎಲ್ಲವನ್ನೂ ಅದರೊಳಗೆ ಸುರಿದಿದ್ದರು. ತರ್ಕದಲ್ಲಿ ದೋಷವಿಲ್ಲ. ಆದರೆ ವಿಂಡೋಸ್ ಪ್ರತಿಯೊಂದು ಫೋಲ್ಡರಿನಲ್ಲಿ ಏನೇನಿದೆ ಎಂದು ಇಣುಕಿ ನೋಡಿ, ಇದು ಸಾಮಾನ್ಯ ಫೋಲ್ಡರೋ, ದಾಖಲೆಗಳದ್ದೋ, ಚಿತ್ರಗಳದ್ದೋ, ಸಂಗೀತದ್ದೋ, ವಿಡಿಯೋಗಳದ್ದೋ ಎಂದು ತಾನೇ ಊಹಿಸುತ್ತದೆ, ಮತ್ತು ಊಹಿಸಿದ ಜಾತಿಗೆ ತಕ್ಕಂತೆ ಕಾಲಮ್ಮುಗಳನ್ನು ಉಡಿಸುತ್ತದೆ. ನನ್ನ ಪ್ರಶ್ನೆಪತ್ರಿಕೆಗಳು ಅಲ್ಪಸಂಖ್ಯಾತವಾದವು. ಫೋಲ್ಡರ್ ಸಂಗೀತಕ್ಕೆ ಸೇರಿತು.

ನನ್ನ ಕೂಗಿಗೆ ಒಳಬಂದ ಕಾಕಾ ಪರದೆಯನ್ನು ಬಹಳ ಹೊತ್ತು ನೋಡಿದರು. ತಪ್ಪು ಹುಡುಕುವವರ ನೋಟವಲ್ಲ ಅದು, ಜಮಾಖರ್ಚಿನ ವಹಿ ನೋಡುವವರದು. "ಪ್ರಶ್ನೆಪತ್ರಿಕೆ ಹಾಡಿದವರು ಯಾರು ಅಂತ ಕೇಳಾಕತ್ತೈತಿ" ಎಂದರು.

"ಹೌದ್ರಿ."

"ಮತ್ತ ಖಾಲಿ ಯಾಕ ಬಿಟ್ಟಿ? ನೀನ ಬರದೀ ಅಂದಮ್ಯಾಲ ನಿನ್ನ ಹೆಸರು ಹಾಕು. ಆಲ್ಬಮ್ ಅಂದಲ್ಲಿ ಪ್ರಥಮ ಪಿಯುಸಿ ಅಂತ ಹಾಕು. ಸರಕಾರಿ ಕಾಲಮ್ ಯಾವತ್ತೂ ಖಾಲಿ ಬಿಡಬಾರದು ತಮ್ಮಾ, ಆಕ್ಷೇಪಣಾ ಬರತೈತಿ."

ಇದು ಸರಕಾರಿ ಕಾಲಮ್ ಅಲ್ಲವೆಂದು ವಿವರಿಸುವಷ್ಟರಲ್ಲಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಚಿಗವ್ವ, ಕೈಯ ಸಪ್ಪಳ ನಿಲ್ಲಿಸದೆಯೇ, "ಪರೀಕ್ಷಾದಾಗ ಹುಡುಗ್ರು ರಾಗಾ ತಗದು ಅಳತಾವಲ್ಲ, ಅವರ ಹೆಸರು ಬರೀರಿ" ಎಂದರು. ಕಾಕಾ ಗಂಭೀರವಾಗಿ ತಲೆಯಾಡಿಸಿದರು. ಅಷ್ಟಕ್ಕೇ ಮುಗಿಯಲಿಲ್ಲ. ಅವರ ಬೆರಳು ಈಗ ಟೈಟಲ್ ಎಂಬ ಕಾಲಮ್ಮಿಗೆ ಹೋಯಿತು. ಅಲ್ಲಿ ನನ್ನ ಪ್ರಶ್ನೆಪತ್ರಿಕೆಯ ಮುಂದೆ "ಲಗ್ನಪತ್ರಿಕೆ" ಎಂದು ಸ್ಪಷ್ಟವಾಗಿ ಬರೆದಿತ್ತು. ಹಿಂದೆಂದೋ ಟೈಪಿಂಗ್ ಅಂಗಡಿಯೊಂದರಲ್ಲಿ, ಯಾರದೋ ಮದುವೆಯ ಕಡತವನ್ನು ತೆರೆದು ಅದರ ಮೇಲೆಯೇ ನನ್ನ ಪ್ರಶ್ನೆಗಳನ್ನು ಟೈಪು ಮಾಡಿಕೊಟ್ಟಿದ್ದರು. ನಾನು ಅದನ್ನೇ ನಮೂನೆಯಾಗಿಟ್ಟುಕೊಂಡು ಹೊಸ ಹೊಸ ಪತ್ರಿಕೆಗಳನ್ನು ಮಾಡುತ್ತ ಬಂದಿದ್ದೇನೆ. ವರ್ಡ್ ಕಡತದ ಹೊಟ್ಟೆಯೊಳಗೆ ಶೀರ್ಷಿಕೆಗೆಂದು ಒಂದು ಬೇರೆಯೇ ಕೋಣೆಯಿರುತ್ತದೆ, ಮತ್ತು ಕಡತದ ಹೆಸರು ಬದಲಿಸಿದರೆ ಆ ಕೋಣೆಯೊಳಗಿನದು ಬದಲಾಗುವುದಿಲ್ಲ. ಡೀಟೇಲ್ಸ್ ನೋಟದಲ್ಲಿ ಯಾವತ್ತೂ ಟೈಟಲ್ ಕಾಲಮ್ಮು ಇಟ್ಟುಕೊಂಡಿರದ ನನಗೆ, ನನ್ನ ಎಲ್ಲ ಪ್ರಶ್ನೆಪತ್ರಿಕೆಗಳೂ ಒಳಗೊಳಗೇ ಲಗ್ನಪತ್ರಿಕೆಗಳಾಗಿ ಉಳಿದಿರುವುದು ಇವತ್ತು ಬೆಳಕಿಗೆ ಬಂತು.

"ಮದವಿಗೆ ಹಾಡು ಇರೂದ ಅಲ್ಲ?" ಎಂದರು ಕಾಕಾ. "ಕಂಪ್ಯೂಟರ್ ಬರೋಬ್ಬರಿ ಐತಿ."

ಗಡಿಯಾರದಲ್ಲಿ ಒಂಬತ್ತೂವರೆ ಆಗಿತ್ತು. ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕಾಲಮ್ಮುಗಳ ತಲೆಪಟ್ಟಿಯ ಮೇಲೆ ಬಲಗಡೆಯ ಗುಂಡಿಯನ್ನು ಒತ್ತಿ ಡೇಟ್ ಮಾಡಿಫೈಡ್‌ಗೆ ಗುರುತು ಹಾಕಿ, ಕರಡನ್ನು ಪತ್ತೆಹಚ್ಚಿ, ಓಡಿದೆ. ಸಂಜೆ ಬಂದು ಫೋಲ್ಡರಿನ ಪ್ರಾಪರ್ಟೀಸ್ ತೆರೆದು, ಕಸ್ಟಮೈಜ್ ಎಂಬಲ್ಲಿ ಈ ಫೋಲ್ಡರ್ ಯಾವುದಕ್ಕೆ ಮೀಸಲೆಂದು ಕೇಳುವ ಪಟ್ಟಿಯಲ್ಲಿ ಡಾಕ್ಯುಮೆಂಟ್ಸ್ ಆರಿಸಿ, ಒಳಫೋಲ್ಡರುಗಳಿಗೂ ಅನ್ವಯಿಸುವ ಚೌಕಕ್ಕೆ ಗುರುತು ಹಾಕಿದ ಮೇಲೆ ಜೀವ ಸಮಾಧಾನವಾಯಿತು. ಇದನ್ನು ಮಾಡದೆ ಕೇವಲ ಫೋಲ್ಡರ್ ಆಪ್ಷನ್ಸಿನ ಅಪ್ಲೈ ಟು ಫೋಲ್ಡರ್ಸ್ ಗುಂಡಿಯನ್ನು ಒತ್ತಿ, ಇನ್ನು ಎಲ್ಲವೂ ನಾನು ಹೇಳಿದಂತೆ ಕಾಣುತ್ತವೆ ಎಂದು ನಂಬುವವರು ಬಹಳ ಜನ. ಆ ಗುಂಡಿಯ ಅಧಿಕಾರ ಅದೇ ಜಾತಿಯ ಫೋಲ್ಡರುಗಳ ಮೇಲೆ ಮಾತ್ರ ನಡೆಯುತ್ತದೆ. ದಾಖಲೆಗಳಿಗೆ ಹೇಳಿದ ಮಾತನ್ನು ಸಂಗೀತ ಕೇಳುವುದಿಲ್ಲ.

ಕಾಕಾ ಅವರ ಇನ್ನೊಂದು ಅಭ್ಯಾಸದ ಬಗ್ಗೆ ಮಾತ್ರ ನನಗೆ ಒಳಗೊಳಗೇ ಗೌರವವಿದೆ. ಹೆಸರಿನ ಕಾಲಮ್ಮಿನ ತಲೆಯನ್ನು ಒತ್ತಿ ಅವರು ಪಟ್ಟಿಯನ್ನು ಸದಾ ತಲೆಕೆಳಗಾಗಿ ಜೋಡಿಸುತ್ತಾರೆ. ಸಾಧಾರಣ ಕ್ರಮದಲ್ಲಿ ಇಂಗ್ಲಿಷ್ ಹೆಸರಿನ ಕಡತಗಳೆಲ್ಲ ಮೊದಲು ನಿಂತು, ಝಡ್ ಅಕ್ಷರದವರೂ ಮುಗಿದ ಮೇಲೆ ಕನ್ನಡ ಹೆಸರಿನವುಗಳ ಪಾಳಿ ಬರುತ್ತದೆ. ಕರ್ನಾಟಕದೊಳಗಿನ ಕಂಪ್ಯೂಟರಿನಲ್ಲಿ ಕನ್ನಡ ಸಾಲಿನ ಕಡೆಗೆ ನಿಲ್ಲುವುದೇ ಎಂದು ಅವರ ವಾದ. ನನಗೆ ಇದರಿಂದ ಕಿರಿಕಿರಿಯಾಗುತ್ತದೆ, ಆದರೆ ಎದುರುವಾದ ಹೊಳೆಯುವುದಿಲ್ಲ.

ಡೌನ್‌ಲೋಡ್ಸ್ ಫೋಲ್ಡರಿನದು ಬೇರೆಯೇ ಕಥೆ. 2019ರ ನಂತರದ ವಿಂಡೋಸ್ 10ರಲ್ಲಿ ಅದು ಯಾರೂ ಹೇಳದಿದ್ದರೂ ಕಡತಗಳನ್ನು ಕಾಲಮಾನದಂತೆ ಗುಂಪು ಕಟ್ಟಿ ನಿಲ್ಲಿಸುತ್ತದೆ: ಇವತ್ತಿನವು, ನಿನ್ನೆಯವು, ಕಳೆದ ತಿಂಗಳಿನವು, ಬಹುಕಾಲದ ಹಿಂದಿನವು. ಕಾಕಾ ಅದಕ್ಕೆ ಮನಸೋತು ತಮ್ಮ ಸ್ಕ್ಯಾನುಗಳ ಫೋಲ್ಡರಿನಲ್ಲಿಯೂ ಹಾಗೆಯೇ ಗುಂಪು ಕಟ್ಟಿಸಿದ್ದಾರೆ. ಅಲ್ಲಿ ಎರಡು ವರ್ಷದ ಹಿಂದಿನ ಕರೆಂಟ್ ಬಿಲ್ಲು ಬಹುಕಾಲದ ಹಿಂದಿನದಾಗಿದೆ. ಹಳೆಯ ಬಾಗಲಕೋಟೆಯ ನಮ್ಮ ಮನೆಯ ಫೋಟೋಗಳು ಕಳೆದ ತಿಂಗಳಿನವಾಗಿವೆ, ಏಕೆಂದರೆ ಅವನ್ನು ಸ್ಕ್ಯಾನ್ ಮಾಡಿದ್ದು ಆಗ. ಕಟ್ಟೆಯ ಮೇಲೆ ಅಜ್ಜ ಕುಳಿತಿದ್ದಾನೆ, ಬಾಗಿಲ ಚೌಕಟ್ಟಿಗೆ ಒರಗಿ ಅಂಗಿಯಿಲ್ಲದ ನಾನು ನಿಂತಿದ್ದೇನೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಜಲಾಶಯದ ಹಿನ್ನೀರು ಮುಂದೆ ಘಟಪ್ರಭೆಯ ಪಾತ್ರದಲ್ಲಿ ಏರುತ್ತ ಬಂದು, ನಾವು ಓಣಿಯ ಹೆಸರು ಬಿಟ್ಟು ನವನಗರದ ಸೆಕ್ಟರ್ ನಂಬರಿಗೆ ಬಂದೆವು. ಆ ಫೋಟೋಗಳಿಗೆ ಡೇಟ್ ಟೇಕನ್ ಎಂಬ ಕಾಲಮ್ಮು ಖಾಲಿಯಿದೆ. ಅದನ್ನು ನಾವೇ ತುಂಬಬಹುದೆಂದು ತೋರಿಸಿಕೊಟ್ಟೆ. ಖಾಲಿ ಕಾಲಮ್ಮು ಸಹಿಸದ ಕಾಕಾ ಕ್ಯಾಲೆಂಡರ್ ತೆರೆದುಕೊಂಡು ಬಹಳ ಹೊತ್ತು ಕುಳಿತರು. ಅವರಿಗೆ ಶ್ರಾವಣ ಸೋಮವಾರವೆಂಬುದು ನೆನಪಿತ್ತು, ಯಾವ ವರ್ಷದ ಶ್ರಾವಣವೆಂಬುದು ನೆನಪಿರಲಿಲ್ಲ. ಕಾಲಮ್ಮನ್ನು ಖಾಲಿಯೇ ಬಿಟ್ಟು ಎದ್ದರು.

ಈ ಜಗಳಕ್ಕೆಲ್ಲ ನಿಜವಾದ ಪರಿಹಾರವೊಂದಿದೆ. ಒಬ್ಬೊಬ್ಬರಿಗೆ ಒಂದೊಂದು ಯೂಸರ್ ಅಕೌಂಟ್ ಮಾಡಿಬಿಟ್ಟರೆ, ಫೋಲ್ಡರ್ ಹೇಗೆ ಕಾಣಬೇಕೆಂಬ ನೆನಪನ್ನು ಕಂಪ್ಯೂಟರ್ ಒಬ್ಬೊಬ್ಬರ ಹೆಸರಿನಲ್ಲಿ ಬೇರೆ ಬೇರೆ ಇಟ್ಟುಕೊಳ್ಳುತ್ತದೆ. ಅವರ ಭೀಮ ಐಕಾನ್ ಅವರಿಗೆ, ನನ್ನ ಸಾಲುಗಳು ನನಗೆ. ಇವತ್ತು ರಾತ್ರಿ ಊಟವಾದ ಮೇಲೆ ಈ ಮಾತನ್ನು ತೆಗೆದೆ. ಕಾಕಾ ಅವರ ಮುಖ ಸಣ್ಣದಾಯಿತು. "ಒಂದ ಮನ್ಯಾಗ ಎರಡು ಒಲಿ ಹೂಡೂಣು ಅಂತೀಯೇನು?" ಎಂದರು. ಚಿಗವ್ವ ನನ್ನ ಕಡೆಗೆ, ನಾನು ಆಸ್ತಿಯಲ್ಲಿ ಪಾಲು ಕೇಳಿದೆನೇನೋ ಎಂಬಂತೆ ನೋಡಿದರು. ಮಾತನ್ನು ಅಲ್ಲಿಗೇ ಬಿಟ್ಟೆ.

ಬಿಟ್ಟು, ಅಕೌಂಟಿನ ಬದಲಿಗೆ ಕೀಲಿಗಳ ಉಪಾಯ ಹೇಳಿಕೊಟ್ಟೆ. ಕಂಟ್ರೋಲ್ ಮತ್ತು ಶಿಫ್ಟ್ ಒತ್ತಿಹಿಡಿದು 1 ಒತ್ತಿದರೆ ಎಕ್ಸ್‌ಟ್ರಾ ಲಾರ್ಜ್, 6 ಒತ್ತಿದರೆ ಡೀಟೇಲ್ಸ್. ಒಂದರಿಂದ ಎಂಟರವರೆಗೆ ಎಂಟು ನೋಟಗಳಿಗೂ ಒಂದೊಂದು ಅಂಕಿಯಿದೆ. ಯಾರು ಬಂದು ಕೂರುತ್ತಾರೋ ಅವರು ತಮ್ಮ ಅಂಕಿಯನ್ನು ಒತ್ತಿಕೊಂಡರೆ ಮುಗಿಯಿತು, ಹಿಂದಿನವರು ಹೇಗೆ ಬಿಟ್ಟುಹೋಗಿದ್ದರು ಎಂಬ ದೂರಿಗೆ ಎಡೆಯೇ ಇಲ್ಲ. ಕಾಕಾ ಅವರಿಗೆ ಇದು ತಕ್ಷಣ ಹಿಡಿಸಿತು. "ಅಂದರ ನಂದು ಸೆಕ್ಟರ್ ಒಂದು, ನಿಂದು ಸೆಕ್ಟರ್ ಆರು" ಎಂದು ತೀರ್ಪು ಕೊಟ್ಟು, ಒಂದರ ಕೀಲಿಯ ಮೇಲೆ ಕೆಂಪು ಸ್ಟಿಕರಿನ ಚೂರನ್ನೂ ಅಂಟಿಸಿದರು. ತಂಗಿಯ ಮಗನಿಗೆ ಎರಡು ಸಿಕ್ಕಿತು. ಫೋಟೋ ನೋಡುವುದಕ್ಕೆಂದು ನನ್ನ ಹೆಂಡತಿ ಮೂರನ್ನು ಕೇಳಿ ಪಡೆದಳು.

ಒಲೆಯ ಮಾತು ಬಂದಾಗಿನಿಂದ ಸುಮ್ಮನಿದ್ದ ಚಿಗವ್ವ, ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಬಂದು, ತಮ್ಮ ಭಜನೆಯ ವಿಡಿಯೋಗಳಿಗೆ ಯಾವ ನಂಬರು ಎಂದು ಕೇಳಿದರು.

"ಎಂಟು ತಗೋ" ಎಂದರು ಕಾಕಾ.

ಚಿಗವ್ವ ಎಡಗೈಯ ಎರಡು ಬೆರಳುಗಳನ್ನು ಕಂಟ್ರೋಲ್ ಮತ್ತು ಶಿಫ್ಟಿನ ಮೇಲಿಟ್ಟು, ಹೆಬ್ಬೆರಳನ್ನು ಎಂಟರ ಕಡೆಗೆ ಚಾಚಿ ನೋಡಿದರು. ಮುಟ್ಟಲಿಲ್ಲ. "ಎಂಟು ಭಾಳ ದೂರ ಆತ್ರಿ, ಸನೇದ್ದೊಂದು ಕೊಡ್ರಿ" ಎಂದರು.

"ಸನೇದ್ದೆಲ್ಲಾ ಹಂಚಿ ಮುಗದಾವು" ಎಂದರು ಕಾಕಾ. "ಅರ್ಜಿ ಕೊಡಾಕ ನೀ ತಡಾ ಮಾಡಿದಿ."