ವರದಿಯ ಕೊನೆಯ ಪುಟದಲ್ಲಿ ‘ಕೊರತೆ’ ಎಂದು ಬರೆದಿದ್ದ ಸಾಲು

ಕಳೆದ ಭಾನುವಾರ ಉತ್ತರ ಕನ್ನಡದ ಘಟ್ಟದ ಬುಡದಲ್ಲಿರುವ ನಮ್ಮ ಟ್ರಸ್ಟ್ ಆಸ್ಪತ್ರೆಯ ವಾರ್ಷಿಕ ಸಭೆ ನಡೆಯಿತು. ನಾನು ಅಲ್ಲಿಯ ಸಾಮಾನ್ಯ ಸದಸ್ಯ. ವೈದ್ಯನೂ ಅಲ್ಲ, ಲೆಕ್ಕ ಪರಿಶೋಧಕನೂ ಅಲ್ಲ. ಆದರೆ ವರದಿಯ ಪುಸ್ತಿಕೆ ಕೈಗೆ ಬಂದ ದಿನವೇ ಅದನ್ನು ಮೊದಲ ಪುಟದಿಂದ ಅಢಾವೆ ಪತ್ರಿಕೆಯವರೆಗೆ ಓದುವ ಅಭ್ಯಾಸ ನನಗಿದೆ. ಹೊರರೋಗಿಗಳು, ಹೆರಿಗೆ, ಶಸ್ತ್ರಚಿಕಿತ್ಸೆ, ಹಳ್ಳಿಗಳಲ್ಲಿ ನಡೆಸಿದ ಶಿಬಿರ, ಎಲ್ಲವೂ ಹಿಂದಿನ ವರ್ಷಕ್ಕಿಂತ ಹೆಚ್ಚಾಗಿದ್ದವು. ಕೊನೆಯ ಪುಟದಲ್ಲಿ ಮಾತ್ರ ‘ಕೊರತೆ (ಆದಾಯಕ್ಕಿಂತ ಹೆಚ್ಚಾದ ವೆಚ್ಚ)’ ಎಂಬ ಸಾಲು ಈ ವರ್ಷವೂ ಇತ್ತು. ಸಭೆಯ ಮುಕ್ಕಾಲು ಪಾಲು ಸಮಯ ಆ ಒಂದು ಸಾಲಿನ ಮೇಲೆಯೇ ಹೋಯಿತು. ಅಲ್ಲಿ ಎದ್ದುನಿಂತು ಹೇಳಲಾಗದೆ ಉಳಿದ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಚರ್ಚೆ ಶುರುವಾದದ್ದು ಖರ್ಚಿನ ಪಟ್ಟಿಯ ಒಂದು ಸಣ್ಣ ಬಾಬಿನಿಂದ: ‘ಅವಧಿ ಮುಗಿದ ಔಷಧಗಳ ವಜಾ’. ಹಿರಿಯ ಸದಸ್ಯರೊಬ್ಬರು, ಸೊಸೈಟಿಯ ಲೆಕ್ಕವನ್ನು ಎಷ್ಟೋ ವರ್ಷ ನೋಡಿದವರು, ಇಷ್ಟು ಔಷಧ ಬಳಕೆಯಾಗದೆ ಎಸೆಯಬೇಕಾಗಿ ಬಂದದ್ದು ಆಡಳಿತದ ಅಜಾಗರೂಕತೆಯಲ್ಲವೇ ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಕಾರ್ಯದರ್ಶಿಯವರು ವಿವರವಾದ ಪಟ್ಟಿಯನ್ನು ಓದಿದರು. ಅದರಲ್ಲಿ ದೊಡ್ಡ ಮೊತ್ತ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷದ ಶೀಶೆಗಳದ್ದಾಗಿತ್ತು.

ಆ ಶೀಶೆಗಳ ಬಗ್ಗೆ ನನಗೆ ಗೊತ್ತಿರುವುದನ್ನು ಹೇಳಬೇಕು. ಎರಡು ಮಳೆಗಾಲದ ಹಿಂದೆ ನನ್ನ ಚಿಕ್ಕಪ್ಪ ಸಂಜೆ ಹೊತ್ತಿನಲ್ಲಿ ತೋಟದ ಅಂಚಿನಲ್ಲಿ ಹುಲ್ಲು ಕೊಯ್ಯುತ್ತಿದ್ದಾಗ ಪಾದದ ಮೇಲೆ ಹಾವು ಕಚ್ಚಿತು. ಯಾವ ಹಾವು ಎಂದು ಅವರು ನೋಡಿರಲಿಲ್ಲ. ಆಸ್ಪತ್ರೆಗೆ ತಲುಪಿದಾಗ ಕರ್ತವ್ಯದಲ್ಲಿದ್ದ ನರ್ಸ್ ಅವರ ತೋಳಿನಿಂದ ಸ್ವಲ್ಪ ರಕ್ತ ತೆಗೆದು, ಒಣಗಿದ ಸ್ವಚ್ಛವಾದ ಗಾಜಿನ ನಳಿಕೆಗೆ ಹಾಕಿ, ಅದನ್ನು ಅಲ್ಲಾಡಿಸದಂತೆ ಮೇಜಿನ ಮೇಲೆ ನಿಲ್ಲಿಸಿ, ಗೋಡೆಯ ಗಡಿಯಾರ ನೋಡಿ ಕಾಗದದ ಮೇಲೆ ಸಮಯ ಬರೆದುಕೊಂಡರು. ಇಪ್ಪತ್ತು ನಿಮಿಷ ಅದನ್ನು ಯಾರೂ ಮುಟ್ಟಲಿಲ್ಲ. ಹೊರಗೆ ಮಳೆ ಸುರಿಯುತ್ತಿತ್ತು, ಕರೆಂಟು ಹೋಗಿ ಜನರೇಟರ್ ಓಡುತ್ತಿತ್ತು. ಇಪ್ಪತ್ತನೆಯ ನಿಮಿಷಕ್ಕೆ ವೈದ್ಯರು ಬಂದು ನಳಿಕೆಯನ್ನು ಓರೆ ಮಾಡಿದರು; ಹೆಪ್ಪುಗಟ್ಟಿರಬೇಕಿದ್ದ ರಕ್ತ ನೀರಿನಂತೆ ಹರಿಯಿತು. ವಿಷ ಏರಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಮರುಗಳಿಗೆಯಲ್ಲಿಯೇ ಕಪಾಟಿನಿಂದ ಹತ್ತು ಶೀಶೆ ಪ್ರತಿವಿಷ ಹೊರಬಂದಿತು. ಅಲರ್ಜಿಯಾದರೆ ಕೊಡಲೆಂದು ಅಡ್ರಿನಲಿನ್ ತುಂಬಿದ ಸಿರಿಂಜನ್ನು ಪಕ್ಕದಲ್ಲಿಯೇ ಇಟ್ಟುಕೊಂಡು ಡ್ರಿಪ್ ಹಾಕಿದರು. ಆರು ಗಂಟೆ ಬಿಟ್ಟು ಮತ್ತೊಮ್ಮೆ ಅದೇ ನಳಿಕೆಯ ಪರೀಕ್ಷೆ ನಡೆಯಿತು. ಬೆಳಗಿನ ಜಾವಕ್ಕೆ ರಕ್ತ ಹೆಪ್ಪುಗಟ್ಟಿತು. ಚಿಕ್ಕಪ್ಪ ಈಗ ಅದೇ ತೋಟದಲ್ಲಿ ಕೆಲಸ ಮಾಡುತ್ತಿದ್ದಾರೆ.

ಆ ರಾತ್ರಿ ಕಪಾಟಿನಲ್ಲಿ ಹತ್ತು ಶೀಶೆಗಳು ಇದ್ದದ್ದು ಹೇಗೆ? ಯಾರನ್ನೂ ಹಾವು ಕಚ್ಚದ ವಾರಗಳಲ್ಲಿಯೂ ಅವುಗಳನ್ನು ಕೊಂಡು ಇಟ್ಟಿದ್ದರಿಂದ. ಒಂದು ಸಲಕ್ಕೆ ಹತ್ತು ಬೇಕು, ಎರಡನೆಯ ಸುತ್ತಿಗೆ ಮತ್ತೆ ಬೇಕಾಗಬಹುದು, ಅದೇ ರಾತ್ರಿ ಇನ್ನೊಬ್ಬರು ಬಂದರೆ ಅವರಿಗೂ ಇರಬೇಕು. ಇಷ್ಟನ್ನು ಸದಾ ಇಟ್ಟುಕೊಳ್ಳುವ ಆಸ್ಪತ್ರೆಯಲ್ಲಿ ಕೆಲವು ಶೀಶೆಗಳು ಅವಧಿ ಮೀರುವುದು ಸಹಜ. ಒಂದೂ ಶೀಶೆ ಅವಧಿ ಮೀರದ ಆಸ್ಪತ್ರೆ ನಮ್ಮ ಮಲೆನಾಡಿನ ಅಂಚಿನಲ್ಲಿದ್ದರೆ, ಅಲ್ಲಿ ಅಗತ್ಯದ ದಾಸ್ತಾನು ಇಲ್ಲವೆಂದೇ ನಾನು ತಿಳಿಯುತ್ತೇನೆ. (ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾತ್ರ ತಯಾರಾದದ್ದು, ಪಶ್ಚಿಮ ಘಟ್ಟದ ಗೂನುಮೂತಿಯ ಗುಳಿಮಂಡಲದ ವಿಷಕ್ಕೆ ಅದು ನಾಟುವುದಿಲ್ಲ. ಅಂಥ ರೋಗಿಯನ್ನು ಗುರುತಿಸಿ ಸಕಾಲಕ್ಕೆ ಡಯಾಲಿಸಿಸ್ ಇರುವಲ್ಲಿಗೆ ಕಳಿಸಲು ಅನುಭವಿ ವೈದ್ಯರೇ ಬೇಕು.) 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಸಾಲಿಗೆ ಸೇರಿಸಿದ್ದು ಒಳ್ಳೆಯ ಹೆಜ್ಜೆ. ವರದಿ ಮಾಡುವ ಮೊದಲು ಬದುಕಿಸುವ ಏರ್ಪಾಡು ಇರಬೇಕಲ್ಲ, ಅದರ ಬೆಲೆಯೇ ಈ ‘ವಜಾ’ ಎಂಬ ಬಾಬು.

ಖರ್ಚಿನ ಅತಿ ದೊಡ್ಡ ಪಾಲು ಸಂಬಳದ್ದು. ಇದರ ಬಗ್ಗೆಯೂ ಸಭೆಯಲ್ಲಿ ಅಪಸ್ವರ ಬಂತು: ಇಷ್ಟು ಸಣ್ಣ ಆಸ್ಪತ್ರೆಗೆ ಇಷ್ಟೊಂದು ನರ್ಸ್‌ಗಳೇಕೆ? ಒಂದು ವಾರಕ್ಕೆ 168 ಗಂಟೆ. ಒಬ್ಬರು ವಾರಕ್ಕೆ 48 ಗಂಟೆ ದುಡಿದರೆ, ಒಂದೇ ಒಂದು ಮೇಜಿನ ಮುಂದೆ ಹಗಲೂ ರಾತ್ರಿ ಒಬ್ಬರು ಇರಬೇಕೆಂದರೆ ಮೂರೂವರೆ ಜನ ಬೇಕು. ರಜೆ, ಕಾಯಿಲೆ, ಹೆರಿಗೆ ರಜೆ ಸೇರಿಸಿದರೆ ನಾಲ್ಕೂ ಮೀರುತ್ತದೆ. ವಾರ್ಡಿಗೆ, ಹೆರಿಗೆ ಕೋಣೆಗೆ, ತುರ್ತು ವಿಭಾಗಕ್ಕೆ ಹೀಗೆ ಗುಣಿಸುತ್ತಾ ಹೋಗಿ. ರೋಗಿಗಳು ಕಡಿಮೆ ಇರುವ ರಾತ್ರಿಯೂ ಈ ಸಂಬಳ ಕಡಿಮೆಯಾಗುವುದಿಲ್ಲ. ಪಟ್ಟಣದ ಆಸ್ಪತ್ರೆಯಲ್ಲಿ ಅದೇ ನರ್ಸ್ ಹೆಚ್ಚು ರೋಗಿಗಳನ್ನು ನೋಡುವುದರಿಂದ ಖರ್ಚು ಹಂಚಿಹೋಗುತ್ತದೆ. ಉತ್ತರ ಕನ್ನಡ ಹತ್ತು ಸಾವಿರ ಚದರ ಕಿಲೋಮೀಟರ್ ಮೀರಿದ ಜಿಲ್ಲೆ. 2011ರ ಜನಗಣತಿಯ ಪ್ರಕಾರ ಜನಸಂಖ್ಯೆ 14 ಲಕ್ಷ 37 ಸಾವಿರ. ಚದರ ಕಿಲೋಮೀಟರಿಗೆ ಸುಮಾರು 140 ಜನ, ರಾಜ್ಯದ ಸರಾಸರಿ ಆಗ 319 ಇತ್ತು. ಕಾಡು, ಹೊಳೆ, ಘಟ್ಟಗಳ ನಡುವೆ ಹರಡಿಕೊಂಡಿರುವ ಇಷ್ಟು ವಿರಳವಾದ ಜನವಸತಿಯಲ್ಲಿ ಲಾಭಕ್ಕಾಗಿ ಆಸ್ಪತ್ರೆ ಕಟ್ಟುವವರು ಯಾಕೆ ಬರುವುದಿಲ್ಲ ಎಂಬುದಕ್ಕೂ, ಬಂದ ಟ್ರಸ್ಟ್‌ಗಳು ಯಾಕೆ ಏದುಸಿರು ಬಿಡುತ್ತವೆ ಎಂಬುದಕ್ಕೂ ಉತ್ತರ ಈ ಅಂಕಿಯಲ್ಲಿಯೇ ಇದೆ.

ಆದಾಯದ ಕಡೆಗೆ ಬಂದರೆ ಅಲ್ಲಿಯೂ ನಮ್ಮ ನೆಲದ ಗುಣವೇ ಕಾಣುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನುಗಾರರ ಮನೆಗಳಲ್ಲಿ ಆ 61 ದಿನ ಕೈಯಲ್ಲಿ ಕಾಸಿರುವುದಿಲ್ಲ. ಘಟ್ಟದ ಮೇಲಿನ ತೋಟಿಗರ ಒಣಗಿಸಿ ಸುಲಿದ ಚಾಲಿ ಅಡಿಕೆ ಬೇಸಿಗೆಯಲ್ಲಿಯೇ ಮಾರಾಟವಾಗಿ, ಬಂದ ಹಣ ಸಾಲಕ್ಕೂ ಮದುವೆ ಮುಂಜಿಗೂ ಹೋಗಿರುತ್ತದೆ. ಅದೇ ಮಳೆಗಾಲದಲ್ಲಿ ಗದ್ದೆಗಿಳಿದವರಿಗೆ ಇಲಿಜ್ವರ, ಊರೆಲ್ಲ ಡೆಂಗಿ, ಅಡಿಕೆಯ ಕೊಳೆರೋಗಕ್ಕೆ ಔಷಧ ಹೊಡೆಯಲು ಮರ ಹತ್ತಿ ಜಾರಿ ಬಿದ್ದವರ ಬೆನ್ನುಮೂಳೆ ಮುರಿತ. ಹಾಸಿಗೆಗಳು ತುಂಬಿರುವ ತಿಂಗಳುಗಳಲ್ಲಿಯೇ ಕೌಂಟರಿಗೆ ಹಣ ಬರುವುದು ಅತಿ ಕಡಿಮೆ.

ಸರ್ಕಾರಿ ಯೋಜನೆಗಳು ಇಲ್ಲವೇ ಎಂದು ಕೇಳಬಹುದು. ಇವೆ, ಅವುಗಳಿಂದ ದೊಡ್ಡ ಉಪಕಾರವೂ ಆಗಿದೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು ನೆರವಿದೆ. ಸಹಕಾರಿ ಸಂಘಗಳ ಸದಸ್ಯರಿಗೆ 2003ರಲ್ಲಿ ಆರಂಭವಾಗಿ ನಡುವೆ ನಿಂತುಹೋಗಿದ್ದ ಯಶಸ್ವಿನಿ ಮತ್ತೆ ಜಾರಿಗೆ ಬಂದಿದೆ. ಆದರೆ ತುರ್ತು ಸಂದರ್ಭ ಬಿಟ್ಟು ಉಳಿದ ಎಷ್ಟೋ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು, ಪ್ಯಾಕೇಜ್ ದರ ನಿಗದಿಯಾದದ್ದು, ಚಿಕಿತ್ಸೆ ಕೊಟ್ಟ ಮೇಲೆ ಹಣ ಬರುವವರೆಗೆ ಕಾಯಬೇಕು. ದೊಡ್ಡ ಸಂಸ್ಥೆಗೆ ಕಾಯುವ ಶಕ್ತಿ ಇರುತ್ತದೆ. ತಿಂಗಳ ಒಂದನೇ ತಾರೀಕಿಗೆ ಆಯಾಗಳ ಸಂಬಳ ಕೊಡಬೇಕಾದ ಸಣ್ಣ ಆಸ್ಪತ್ರೆಗೆ ಆ ಕಾಯುವಿಕೆಯೇ ಒಂದು ಸಾಲ.

ಆಸ್ಪತ್ರೆಯ ಕಚೇರಿಯಲ್ಲಿ ಕೆಂಪು ಬೈಂಡಿನ ಬಾಕಿ ಪುಸ್ತಕವೊಂದಿದೆ. ಸಭೆಯ ನಂತರ ನಾನು ಅದನ್ನು ಕೇಳಿ ತಿರುವಿ ನೋಡಿದೆ. ಪ್ರತಿ ಹೆಸರಿನ ಮುಂದೆ ಬರಬೇಕಾದ ಹಣ, ಅದರ ಮುಂದೆ ಪೆನ್ಸಿಲಿನಲ್ಲಿ ಒಂದು ಮಾತು: ‘ಅಡಿಕೆ ಕೊನೆ ಕೊಯ್ಲಾದ ಮೇಲೆ’, ‘ಆಗಸ್ಟಿನಲ್ಲಿ ಬೋಟು ಇಳಿದ ಮೇಲೆ’, ‘ಮಗ ಗೋವಾದಿಂದ ಬಂದಾಗ’. ಕೆಲವೆಡೆ ನೂರು ನೂರು ರೂಪಾಯಿಯಂತೆ ಒಂದೇ ಹೆಸರಿನ ಕೆಳಗೆ ಏಳೆಂಟು ಜಮಾ. ಬಹಳಷ್ಟು ಜನ ತೀರಿಸಿದ್ದಾರೆ. ತೀರಿಸಲಾಗದವರ ಸಾಲಿನ ಮೇಲೆ ಗೆರೆ ಎಳೆದು ‘ಧರ್ಮಾರ್ಥ’ ಎಂದು ಬರೆಯಲಾಗಿದೆ. ಕೊನೆಯ ಪುಟದ ಕೊರತೆಯಲ್ಲಿ ಈ ಧರ್ಮಾರ್ಥದ ಪಾಲು ಎಷ್ಟು ಎಂಬುದನ್ನು ವರದಿಯಲ್ಲಿ ಬೇರೆಯಾಗಿ ತೋರಿಸಿಲ್ಲ. ಇದು ಆಡಳಿತ ಮಂಡಳಿಯ ತಪ್ಪು ಎಂದು ನಾನು ಭಾವಿಸುತ್ತೇನೆ. ಬಡವರಿಗೆ ಬಿಟ್ಟುಕೊಟ್ಟ ಹಣವನ್ನು ಹಾನಿಯ ಜೊತೆ ಕಲಸಿ ಮುದ್ರಿಸಿದರೆ, ಓದುವವರು ಅದನ್ನು ಹಾನಿಯೆಂದೇ ಓದುತ್ತಾರೆ. ಮುಂದಿನ ವರ್ಷದಿಂದ ಧರ್ಮಾರ್ಥ ಚಿಕಿತ್ಸೆಗೆ, ಯೋಜನೆಗಳಿಂದ ಬರಬೇಕಾದ ಬಾಕಿಗೆ, ಯಂತ್ರಗಳ ಸವಕಳಿಗೆ ಬೇರೆ ಬೇರೆ ಸಾಲು ಇರಲಿ. ಇಲ್ಲಿಂದ ಬೇರೆಡೆಗೆ ಕಳಿಸಿದ ರೋಗಿಗಳು ಏನಾದರು ಎಂಬ ಒಂದು ಪುಟವೂ ಇರಲಿ.

ನಮ್ಮಲ್ಲಿ ದಾನಿಗಳಿಗೆ ಕೊರತೆಯಿಲ್ಲ. ಬೆಂಗಳೂರು, ಮುಂಬಯಿಯಲ್ಲಿ ನೆಲೆಸಿದ ನಮ್ಮವರು ಉದಾರವಾಗಿ ಕೊಡುತ್ತಾರೆ. ಆದರೆ ಕೊಡುವುದೆಲ್ಲ ಕಟ್ಟಡಕ್ಕೆ, ಯಂತ್ರಕ್ಕೆ, ಹಾಸಿಗೆಗೆ. ತಂದೆತಾಯಿಯ ನೆನಪಿಗೆ ಕೋಣೆ ಕಟ್ಟಿಸಿದವರ ಭಾವನೆಯನ್ನು ನಾನು ಗೌರವಿಸುತ್ತೇನೆ, ನಮ್ಮ ಮನೆಯವರ ಹೆಸರೂ ಅಲ್ಲಿಯ ಗೋಡೆಯ ಮೇಲಿದೆ. ಕೋಣೆ ಹೆಚ್ಚಾದ ಹಾಗೆ ಅದನ್ನು ಗುಡಿಸಲು, ಅಲ್ಲಿಯ ರೋಗಿಯನ್ನು ನೋಡಲು ಜನ ಹೆಚ್ಚಾಗಬೇಕು, ಅವರ ಸಂಬಳಕ್ಕೆ ಯಾರೂ ದಾನ ಕೊಡುವುದಿಲ್ಲ. ಹೀಗೆ ಬೆಳವಣಿಗೆಯೇ ಕೊರತೆಯನ್ನು ಹೆಚ್ಚಿಸುತ್ತಿದೆ. ಮೂಲನಿಧಿಗೆಂದು ಕೊಟ್ಟ ಹಣವನ್ನು ಸಂಬಳಕ್ಕೆ ಮುಟ್ಟುವಂತಿಲ್ಲ, ಬಡ್ಡಿ ಮಾತ್ರ ಬಳಸಬಹುದು. ದಾನಕ್ಕೆ ಸಿಗುವ ಆದಾಯ ತೆರಿಗೆಯ ರಿಯಾಯಿತಿಯಾದರೋ ಕಟ್ಟಡದ ದಾನಕ್ಕೂ ಸಂಬಳದ ದಾನಕ್ಕೂ ಒಂದೇ. ರಾತ್ರಿ ಪಾಳಿಯ ನರ್ಸ್ ಒಬ್ಬರ ಒಂದು ತಿಂಗಳ ಸಂಬಳವನ್ನು ಅಪ್ಪನ ಶ್ರಾದ್ಧದ ದಿನ ಕೊಟ್ಟರೆ ಅದು ಯಾವ ಶಿಲಾಫಲಕಕ್ಕೂ ಕಡಿಮೆಯಾದ ಸ್ಮರಣೆಯಲ್ಲ.

ಇದನ್ನು ಹೇಳಿದಾಗಲೆಲ್ಲ, ‘ನಮಗೆ ಬೇಕಿರುವುದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ’ ಎಂಬ ಮಾತು ಬರುತ್ತದೆ. ಖಂಡಿತ ಬೇಕು. 2019ರಲ್ಲಿ ನಮ್ಮ ಹುಡುಗರು ಜಾಲತಾಣದಲ್ಲಿ ಆ ಕೂಗು ಎಬ್ಬಿಸಿದಾಗ ನಾನೂ ದನಿಗೂಡಿಸಿದ್ದೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್‌ಗೇಟಿಗೆ ಅಪ್ಪಳಿಸಿ ನಾಲ್ವರು ಜೀವ ಕಳೆದುಕೊಂಡ ದೃಶ್ಯವನ್ನು ಈ ಜಿಲ್ಲೆಯವರು ಯಾರೂ ಮರೆತಿಲ್ಲ. ಕಾರವಾರದಲ್ಲಿ 2016ರಿಂದ ವೈದ್ಯಕೀಯ ಕಾಲೇಜು ನಡೆಯುತ್ತಿದ್ದರೂ ಜೀವಕ್ಕೆ ಬಂದಾಗ ನಾವು ನೋಡುವುದು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾದ ಬಾಂಬೋಳಿಯ ಕಡೆಗೇ. ಬಾಂಬೋಳಿಯ ಸರ್ಕಾರಿ ಆಸ್ಪತ್ರೆಯೂ 2018ರಿಂದ ಹೊರರಾಜ್ಯದವರಿಗೆ ಶುಲ್ಕ ವಿಧಿಸಲು ಶುರುಮಾಡಿತು. ಆದರೂ ದೊಡ್ಡ ಆಸ್ಪತ್ರೆ ಕುಮಟೆಯಲ್ಲಿ ಬರಲಿ, ಶಿರಸಿಯಲ್ಲಿ ಬರಲಿ, ಅಲ್ಲಿಗೆ ರೋಗಿ ಜೀವಂತ ತಲುಪಬೇಕು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋಯಿತು. ಮಳೆಗಾಲದಲ್ಲಿ ದೇವಿಮನೆ, ಅರಬೈಲು ಘಟ್ಟಗಳಲ್ಲಿ ಯಾವಾಗ ಮಣ್ಣು ಜರಿಯುತ್ತದೆ ಎಂದು ಹೇಳಲಾಗದು. ದಾರಿ ಮುಚ್ಚಿದ ದಿನ ಇರುವುದು ಹತ್ತಿರದ ಸಣ್ಣ ಆಸ್ಪತ್ರೆಯೊಂದೇ.

ಬೆಳವಣಿಗೆಯ ಯೋಜನೆಯಲ್ಲಿ ಆಡಳಿತ ಮಂಡಳಿ ಸಿ.ಟಿ. ಸ್ಕ್ಯಾನ್ ಯಂತ್ರವನ್ನು ಮೊದಲು ಇಟ್ಟಿದೆ. ಪಾರ್ಶ್ವವಾಯು ಹೊಡೆದ ನಾಲ್ಕೂವರೆ ಗಂಟೆಯೊಳಗೆ ಹೆಪ್ಪು ಕರಗಿಸುವ ಔಷಧ ಕೊಡಬೇಕಾದರೆ ಮೊದಲು ಮೆದುಳಲ್ಲಿ ರಕ್ತಸ್ರಾವವಿಲ್ಲ ಎಂದು ನೋಡಬೇಕು, ಅದಕ್ಕೆ ಸಿ.ಟಿ. ಬೇಕು ಎಂಬುದು ನಿಜ. ಆದರೆ ನನ್ನ ಅಭಿಪ್ರಾಯದಲ್ಲಿ ರಕ್ತ ಶೇಖರಣಾ ಘಟಕ ಅದಕ್ಕಿಂತ ಮೊದಲು ಬರಬೇಕು. ಹೆರಿಗೆಯ ನಂತರ ರಕ್ತಸ್ರಾವ ನಿಲ್ಲದ ತಾಯಿಗೆ ಎರಡು ಗಂಟೆಯ ಅವಕಾಶವೂ ಇರುವುದಿಲ್ಲ. ಘಟ್ಟ ಹತ್ತಿ ರಕ್ತ ತರುವಷ್ಟರಲ್ಲಿ ಆ ಹೊತ್ತು ಮೀರುತ್ತದೆ. ಪರವಾನಗಿ ಇರುವ ರಕ್ತನಿಧಿಯಿಂದ ತಂದು 2ರಿಂದ 6 ಡಿಗ್ರಿಯಲ್ಲಿ ಇಡುವ ಫ್ರಿಜ್, ತರಬೇತಾದ ಒಬ್ಬ ತಂತ್ರಜ್ಞ, ನಿಲ್ಲದ ವಿದ್ಯುತ್ತು, ಇಷ್ಟರಲ್ಲಿ ಘಟಕ ನಡೆಯುತ್ತದೆ. ಎರಡನೆಯದಾಗಿ ನರ್ಸ್‌ಗಳ ವಸತಿ. ಮೂರನೆಯದು, ನಮ್ಮ ಹೆಣ್ಣುಮಕ್ಕಳ ಓದು. ತಮಿಳುನಾಡಿನ ಸಿತ್ತಿಲಿಂಗಿ ಕಣಿವೆಯಲ್ಲಿ 1993ರಲ್ಲಿ ವೈದ್ಯ ದಂಪತಿ ಗುಡಿಸಿಲಿನಲ್ಲಿ ಆರಂಭಿಸಿದ ಆಸ್ಪತ್ರೆಯೂ, ಗೂಡಲೂರಿನ ಆದಿವಾಸಿ ಆಸ್ಪತ್ರೆಯೂ ಸ್ಥಳೀಯ ಬುಡಕಟ್ಟಿನ ಹುಡುಗಿಯರಿಗೇ ತರಬೇತಿ ಕೊಟ್ಟು ನರ್ಸ್‌ಗಳನ್ನಾಗಿ ಮಾಡಿಕೊಂಡವು. ಹೊರಗಿನಿಂದ ಬಂದವರು ಎರಡು ವರ್ಷಕ್ಕೆ ಹೊರಡುತ್ತಾರೆ, ಊರಿನವರು ಉಳಿಯುತ್ತಾರೆ. ಹಾಲಕ್ಕಿ, ಕುಣಬಿ, ಸಿದ್ದಿ ಸಮುದಾಯದ ಹುಡುಗಿಯೊಬ್ಬಳು ಮೂರು ವರ್ಷ ನರ್ಸಿಂಗ್ ಓದಿ ಇಲ್ಲಿಗೇ ಮರಳಿದರೆ, ತನ್ನ ಅಜ್ಜಿಗೆ ಅರ್ಥವಾಗುವ ಮಾತಿನಲ್ಲಿಯೇ ಔಷಧದ ಸಮಯವನ್ನು ಹೇಳಬಲ್ಲಳು.

ಸಭೆಯ ಕೊನೆಗೆ ‘ಸಿಬ್ಬಂದಿ ವೇತನ ನಿಧಿ’ ಎಂಬ ಪ್ರತ್ಯೇಕ ಖಾತೆ ತೆರೆಯುವ ನಿರ್ಣಯವಾಯಿತು. ಶೀಶೆಗಳ ಬಗ್ಗೆ ಪ್ರಶ್ನೆ ಎತ್ತಿದ್ದ ಆ ಹಿರಿಯರೇ ಅದನ್ನು ಅನುಮೋದಿಸಿದರು. ತಿಂಗಳು ತಿಂಗಳು ಎಷ್ಟಾದರೂ ಕೊಡಬಹುದಾದ ಫಾರ್ಮು ಕೌಂಟರಿನಲ್ಲಿದೆ, ನಾನು ತುಂಬಿಕೊಟ್ಟಿದ್ದೇನೆ. ಪ್ರತಿ ತಿಂಗಳು ಆಗುವುದಿಲ್ಲ, ಅಡಿಕೆ ಮಾರಿದ ಮೇಲೆ ಒಮ್ಮೆಗೇ ಕೊಡುತ್ತೇವೆ ಎನ್ನುವವರಿಗೂ ಅದರಲ್ಲಿ ಒಂದು ಅಂಕಣ ಇಟ್ಟಿದ್ದಾರೆ.